ಹೋಮ್ ಥಿಯೇಟರ್ ಬೇಕು ಅನ್ನುವುದು ತಣ್ಹಾನಾ?

*ಇಂದಿನ ಧಮ್ಮ ಚಿಂತನೆ*



ಇವತ್ತಿನದು ಸ್ವಲ್ಪ ಉದ್ದವಾಗಿದೆ. ಬಿಡುವಾದಾಗ ಓದಿ.

ಕಳೆದ ಭಾನುವಾರ ತ್ರಿಸರಣ, ಪಂಚಶೀಲ ಮುಗಿದು ಪ್ರಶ್ನೆ ಕೇಳುವ ಹೊತ್ತಿನಲ್ಲಿ ನಮ್ಮ ಬಳಗದ ಒಬ್ಬ ತಮ್ಮ ಎದ್ದು ನಿಂತ. ದೊಡ್ಡಬಳ್ಳಾಪುರದಲ್ಲಿ ಪವರ್ ಲೂಮ್ ಕೆಲಸ. ಮನೆಯಲ್ಲಿ ಹಳೆಯದೊಂದು 5.1 ಹೋಮ್ ಥಿಯೇಟರ್ ಇದೆ, ಸಿನಿಮಾ ಹಾಕಿದರೆ ಬರೀ ಗುಂಯ್ ಅನ್ನುತ್ತದೆ, ಮಾತು ತಿಳಿಯುವುದಿಲ್ಲ. ಹೊಸದು ತರೋಣ ಅಂತ ಆಸೆ. ಕೈಯಲ್ಲಿರುವುದು ಆರು ಸಾವಿರ, ಉಳಿದದ್ದಕ್ಕೆ ಅಂಗಡಿಯವರೇ ಇಎಂಐ ಮಾಡಿಕೊಡುತ್ತಾರಂತೆ. “ಮೇಷ್ಟ್ರೇ, ಇದು ತಣ್ಹಾನಾ?” ಅಂತ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹಿರಿಯರೊಬ್ಬರು, “ಆಸೆಯೇ ದುಃಖಕ್ಕೆ ಮೂಲ ಅಂತ ಬುದ್ಧರು ಹೇಳಿಲ್ವೇನಪ್ಪ” ಅಂದರು. ಎಲ್ಲರೂ ನಕ್ಕರು. ಅವನೂ ನಕ್ಕು ಕೂತುಬಿಟ್ಟ. ಹೆಸರು ಹಾಕದೆ ಬರೆಯುತ್ತೇನೆ ಅಂದಾಗ ಒಪ್ಪಿದ್ದಾನೆ.

ನಕ್ಕು ಬಿಡುವ ಪ್ರಶ್ನೆ ಇದಲ್ಲ. ತಿಂಗಳ ಕೊನೆಗೆ ಲೆಕ್ಕ ಹಾಕಿ ಬದುಕುವ ಮನೆಯಲ್ಲಿ ಒಂದು ವಸ್ತುವನ್ನು ಬಯಸುವುದು ಹೇಗೆ ಅನ್ನುವುದು ನಮ್ಮೆಲ್ಲರ ಪ್ರಶ್ನೆ.

ಮೊದಲು ಆ ಗಾದೆಯನ್ನು ನೋಡೋಣ. ಕನ್ನಡ ಶಾಲೆಯಲ್ಲಿ ಓದಿದ ಪ್ರತಿಯೊಬ್ಬನಿಗೂ ಬುದ್ಧ ಅಂದರೆ “ಆಸೆಯೇ ದುಃಖಕ್ಕೆ ಮೂಲ”. ನಾನೂ ಮಕ್ಕಳಿಗೆ ಬಿಟ್ಟ ಸ್ಥಳ ತುಂಬಲು ಇದನ್ನೇ ಕೊಡಬೇಕಾಗುತ್ತದೆ. ಆದರೆ ಪಾಲಿಯ ತಣ್ಹಾ ಅಂದರೆ ಸಂಸ್ಕೃತದ ತೃಷ್ಣಾ, ಅಂದರೆ ಬಾಯಾರಿಕೆ. ಅದೂ ಕುಡಿದಷ್ಟೂ ಹೆಚ್ಚುವ ಬಾಯಾರಿಕೆ. ಕನ್ನಡದ ‘ಆಸೆ’ ಇದಕ್ಕಿಂತ ಎಷ್ಟೋ ಅಗಲ. ಮಗಳು ನರ್ಸಿಂಗ್ ಓದಲಿ ಅನ್ನುವುದೂ ಆಸೆಯೇ. ಸೋರದ ಮನೆ ಬೇಕು ಅನ್ನುವುದೂ ಆಸೆಯೇ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಬಾಬಾಸಾಹೇಬರ ಹಿಂದೆ ಸಾವಿರಾರು ಜನ ನಡೆದು ಹೋದರಲ್ಲ, ಅವರಿಗಿದ್ದದ್ದೂ ನೀರಿನ ಆಸೆ. ಆ ಬಾಯಾರಿಕೆಯನ್ನು ತಣ್ಹಾ ಅಂತ ಯಾರಾದರೂ ಕರೆದರೆ ನಾವು ಸುಮ್ಮನಿರುತ್ತೇವೆಯೇ? ಬಡವ ಏನನ್ನಾದರೂ ಕೇಳಿದ ಕೂಡಲೇ ಅವನ ಬಾಯಿ ಮುಚ್ಚಿಸಲು ಈ ಗಾದೆ ಬಹಳ ಅನುಕೂಲವಾಗಿದೆ. ಉಳ್ಳವರ ಮನೆಯಲ್ಲಿ ಇದನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇನ್ನೊಬ್ಬರು ಆಮೇಲೆ ನನಗೆ ಬೇರೆಯಾಗಿ ಹೇಳಿದರು: ಹಾಡು, ವಾದ್ಯ, ಆಟ ನೋಡುವುದು ಶೀಲಕ್ಕೇ ವಿರುದ್ಧವಲ್ಲವೇ ಎಂದು. ಅದು ಅಷ್ಟಶೀಲದ ಏಳನೆಯದು. ಉಪೋಸಥದ ದಿನ ಅಷ್ಟಶೀಲ ತೆಗೆದುಕೊಂಡವರು ಆ ದಿನದ ಮಟ್ಟಿಗೆ ಪಾಲಿಸುವಂಥದ್ದು. ನಾವು ಪ್ರತಿ ವಾರ ಹೇಳುವ ಪಂಚಶೀಲದಲ್ಲಿ ಅದಿಲ್ಲ, 22 ಪ್ರತಿಜ್ಞೆಗಳಲ್ಲೂ ಇಲ್ಲ.

ಬಾಬಾಸಾಹೇಬರ ಮನೆಯಲ್ಲಿ ರೇಡಿಯೋಗ್ರಾಮ್ ಇತ್ತು. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ: ಮರದ ಒಂದೇ ಪೆಟ್ಟಿಗೆಯಲ್ಲಿ ರೇಡಿಯೋ, ಗ್ರಾಮಫೋನ್, ಸ್ಪೀಕರ್ ಮೂರೂ ಇರುತ್ತಿದ್ದವು. ಆ ಕಾಲದ ಹೋಮ್ ಥಿಯೇಟರ್ ಅದೇ. ಇಳಿವಯಸ್ಸಿನಲ್ಲಿ ಅವರು ಪಿಟೀಲು ಕಲಿಯಲು ಕೂತವರು ಕೂಡ. 1956ರ ಡಿಸೆಂಬರ್ 5ರ ರಾತ್ರಿ, ದೆಹಲಿಯ 26, ಅಲಿಪುರ ರಸ್ತೆಯ ಮನೆಯಲ್ಲಿ, ಮೈಯಲ್ಲಿ ಶಕ್ತಿಯಿಲ್ಲದಿದ್ದರೂ ಅವರು ಬುದ್ಧ ಸರಣದ ಹಾಡನ್ನು ಮೆಲ್ಲಗೆ ಹೇಳಿಕೊಳ್ಳತೊಡಗಿದರು. ಅದೇ ಹಾಡಿನ ರೆಕಾರ್ಡನ್ನು ರೇಡಿಯೋಗ್ರಾಮಿನಲ್ಲಿ ಹಾಕಲು ನಾನಕ್ ಚಂದ್ ರತ್ತು ಅವರಿಗೆ ಹೇಳಿದರು. ಆಮೇಲೆ ‘ಬುದ್ಧ ಮತ್ತು ಆತನ ಧಮ್ಮ’ದ ಮುನ್ನುಡಿಯ ಹಾಳೆಗಳನ್ನು ತರಿಸಿ ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಂಡರು. ಬೆಳಗಾಗುವಷ್ಟರಲ್ಲಿ ಅವರು ಇರಲಿಲ್ಲ.

ಇದನ್ನು ಭಾವುಕತೆಗಾಗಿ ನೆನಪಿಸುತ್ತಿಲ್ಲ. ಆ ಹಾಳೆಗಳು ಯಾವ ಪುಸ್ತಕದವೋ ಅದೇ ಪುಸ್ತಕದಲ್ಲಿ ಭಗವಾನರಿಗೆ ಏನು ಇಷ್ಟ, ಏನು ಇಷ್ಟವಿಲ್ಲ ಅನ್ನುವ ಒಂದು ಭಾಗವಿದೆ. ಅಲ್ಲಿ ಮೊದಲು ಬರುವುದು ಅವರಿಗೆ ಬಡತನ ಇಷ್ಟವಿರಲಿಲ್ಲ ಅನ್ನುವುದು. ಅದರ ಬೆನ್ನಿಗೇ, ಕೂಡಿಡುವ ಬುದ್ಧಿಯೂ ಇಷ್ಟವಿರಲಿಲ್ಲ ಅನ್ನುವುದು. ಮೂರನೆಯದು, ಅವರು ಸುಂದರವಾದದ್ದನ್ನು ಪ್ರೀತಿಸುತ್ತಿದ್ದರು ಅನ್ನುವುದು. ಈ ಮೂರನ್ನೂ ಬಾಬಾಸಾಹೇಬರು ಒಂದೇ ಕಡೆ ಇಟ್ಟಿದ್ದಾರೆ. ನಮ್ಮಲ್ಲಿ ಒಬ್ಬೊಬ್ಬರು ಒಂದೊಂದನ್ನು ಹಿಡಿದುಕೊಂಡು ಜಗಳ ಆಡುತ್ತೇವೆ.

ಒಳ್ಳೆಯ ಸದ್ದು ಬೇಕು ಅನ್ನುವ ಆಸೆಗೆ ನಮ್ಮ ಕೇರಿಗಳಲ್ಲಿ ಇನ್ನೊಂದು ಬೇರೂ ಇದೆ. ನಮ್ಮ ಅಜ್ಜಂದಿರು ಊರಿಗೆಲ್ಲ ಸದ್ದು ಕೊಟ್ಟವರು. ಸಾವಿಗೆ ತಮಟೆ, ಜಾತ್ರೆಗೆ ತಮಟೆ, ಊರಿಗೆ ಸುದ್ದಿ ಸಾರಲು ತಮಟೆ. ಬಡಿದವರು ಹೊರಗೆ ನಿಂತೇ ಬಡಿದರು. ನನ್ನ ವಯಸ್ಸಿನ ಎಷ್ಟೋ ಜನ 1987-88ರಲ್ಲಿ ದೂರದರ್ಶನದ ಭಾನುವಾರದ ಧಾರಾವಾಹಿಯನ್ನು ನೋಡಿದ್ದು ಉಳ್ಳವರ ಮನೆಯ ಕಿಟಕಿಯ ಸರಳಿನ ಆಚೆಯಿಂದ. ಚಿತ್ರ ಅಷ್ಟೋ ಇಷ್ಟೋ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಹಾಗೆ ಬೆಳೆದವರ ಮಗ ತನ್ನ ಮನೆಯ ಬಾಗಿಲು ಹಾಕಿಕೊಂಡು, ತನ್ನ ಹೆಂಡತಿ ಮಕ್ಕಳ ಜೊತೆ ಕೂತು, ಪ್ರತಿ ಮಾತೂ ಸ್ಪಷ್ಟವಾಗಿ ಕೇಳಬೇಕು ಅಂದರೆ ಅದನ್ನು ಶೋಕಿ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. “ಇವರಿಗ್ಯಾಕೆ ಇದೆಲ್ಲ” ಅನ್ನುವ ಮಾತು ಬೇರೆ ಕಡೆಯಿಂದ ಸಾಕಷ್ಟು ಕೇಳಿದ್ದೇವೆ, ವಿಹಾರದ ಒಳಗೂ ಬೇಡ.

ಹಾಗಾದರೆ ತಣ್ಹಾ ಎಲ್ಲಿ ಶುರುವಾಗುತ್ತದೆ? ಕುರುಗಳ ನಾಡಿನ ಕಮ್ಮಾಸದಮ್ಮದಲ್ಲಿ ಭಗವಾನರು ಆನಂದನಿಗೆ ಒಂದು ಸರಪಳಿ ಹೇಳುತ್ತಾರೆ. ದೀಘ ನಿಕಾಯದ ಮಹಾನಿದಾನ ಸುತ್ತದಲ್ಲಿದೆ, ಬಾಬಾಸಾಹೇಬರೂ ಅದನ್ನು ಎತ್ತಿಕೊಂಡಿದ್ದಾರೆ. ತಣ್ಹಾದಿಂದ ಹುಡುಕಾಟ, ಹುಡುಕಾಟದಿಂದ ಗಳಿಕೆ, ಗಳಿಕೆಯಿಂದ ಲೆಕ್ಕಾಚಾರ, ಅದರಿಂದ ಮೋಹ, ಮೋಹದಿಂದ ಅಂಟು, ಅಂಟಿನಿಂದ ನನ್ನದೆಂಬ ಹಿಡಿತ, ಹಿಡಿತದಿಂದ ಜಿಪುಣತನ, ಜಿಪುಣತನದಿಂದ ಕಾವಲು. ಕಾವಲಿನಿಂದ ಬೈಗುಳ, ಜಗಳ, ದೊಣ್ಣೆ. ಇದನ್ನು ಒಮ್ಮೆ ನಿಮ್ಮ ಮನೆಯ ಟಿವಿ ಸ್ಟ್ಯಾಂಡಿನ ಮುಂದೆ ನಿಂತು ಓದಿ. ರಾತ್ರಿ ಒಂದರವರೆಗೆ ಯೂಟ್ಯೂಬಿನಲ್ಲಿ ಸೌಂಡ್‌ಬಾರ್ ರಿವ್ಯೂ ನೋಡುವುದು ಹುಡುಕಾಟ. ತಂದ ವಾರಕ್ಕೇ ‘ಇನ್ನೆರಡು ಸಾವಿರ ಹಾಕಿದ್ದರೆ ಅದು ಬರುತ್ತಿತ್ತು’ ಅನ್ನುವುದು ಲೆಕ್ಕಾಚಾರ. ಹೆಂಡತಿ ಧಾರಾವಾಹಿ ಹಾಕಿದರೆ ‘ಅದಕ್ಕೆ ಟಿವಿ ಸೌಂಡೇ ಸಾಕು’ ಅನ್ನುವುದು ಜಿಪುಣತನ. ರಿಮೋಟನ್ನು ಬೀರುವಿನ ಮೇಲೆ ಇಡುವುದು ಕಾವಲು. ಮಗು ಸ್ಪೀಕರ್ ಜಾಲರಿಗೆ ಬೆರಳು ಹಾಕಿದ್ದಕ್ಕೆ ಏಟು ಬಿತ್ತು ಅನ್ನಿ, ಸರಪಳಿ ಪೂರ್ತಿಯಾಯಿತು. ಅಂದರೆ ತಣ್ಹಾವನ್ನು ವಸ್ತುವಿನ ಬೆಲೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಆ ಬಯಕೆ ಎಲ್ಲಾದರೂ ‘ಸಾಕು’ ಅಂತ ನಿಲ್ಲುತ್ತದೆಯೇ, ಮನೆಯವರೆಲ್ಲರಿಗೂ ಸಲ್ಲುತ್ತದೆಯೇ ಅಂತ ನೋಡಬೇಕು. ಐವತ್ತು ಸಾವಿರದ ಸೆಟ್ಟಿನ ಮುಂದೆ ಇಡೀ ಮನೆ ನೆಮ್ಮದಿಯಾಗಿ ಕೂರಬಹುದು, ಎಂಟು ನೂರರ ಬ್ಲೂಟೂತ್ ಸ್ಪೀಕರಿಗೆ ಅಣ್ಣ ತಮ್ಮ ಮಾತು ಬಿಡಬಹುದು.

ಇನ್ನು ಇಎಂಐ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ.

ಅಂಗುತ್ತರ ನಿಕಾಯದಲ್ಲಿ ಅನಾಥಪಿಂಡಿಕನಿಗೆ ಭಗವಾನರು ಗೃಹಸ್ಥನ ನಾಲ್ಕು ಸುಖ ಹೇಳುತ್ತಾರೆ: ಇರುವ ಸುಖ, ಇರುವುದನ್ನು ಅನುಭವಿಸುವ ಸುಖ, ಅನಣ ಸುಖ, ತಪ್ಪಿಲ್ಲದೆ ಬದುಕುವ ಸುಖ. ನಮ್ಮ ‘ಋಣ’ ಪಾಲಿಯಲ್ಲಿ ‘ಇಣ’, ಅದಿಲ್ಲದಿರುವುದೇ ‘ಅನಣ’. ಕಡ ಇಲ್ಲದೆ ಮಲಗುವುದು ಒಂದು ಸುಖ ಅಂತ ಬೇರೆಯಾಗಿ ಹೆಸರಿಟ್ಟು ಎಣಿಸಿದ್ದಾರೆ ನೋಡಿ. ಮೊದಲ ಮೂರೂ ಸೇರಿ ನಾಲ್ಕನೆಯದರ ಹದಿನಾರರಲ್ಲಿ ಒಂದು ಪಾಲಿಗೂ ಸಮವಲ್ಲ ಅಂತ ಮುಗಿಸುತ್ತಾರೆ ನಿಜ, ಆದರೆ ಮೊದಲ ಮೂರನ್ನು ಬಿಡು ಅಂತ ಹೇಳುವುದಿಲ್ಲ. ಅದೇ ನಿಕಾಯದ ಇನ್ನೊಂದು ಸುತ್ತದಲ್ಲಿ ಬಡತನ ದುಃಖ, ಬಡವ ಮಾಡುವ ಸಾಲ ದುಃಖ, ಅದರ ಬಡ್ಡಿ ದುಃಖ, ಸಾಲ ಕೊಟ್ಟವನು ಕೇಳುವುದು ದುಃಖ, ಹಿಂದೆ ಬೀಳುವುದು ದುಃಖ, ಕಟ್ಟಿಹಾಕುವುದು ದುಃಖ ಅಂತ ಒಂದೊಂದೇ ಮೆಟ್ಟಿಲು ಬರುತ್ತದೆ. ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು. 2025ರ ಆರಂಭದಲ್ಲಿ ನಮ್ಮ ರಾಜ್ಯದಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಗೆ ಹೆದರಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟಾಗ, ಆ ಫೆಬ್ರವರಿಯಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಾಗ, ನನಗೆ ನೆನಪಾದದ್ದು ಈ ಮೆಟ್ಟಿಲುಗಳೇ. ನಮ್ಮ ಮನೆಗಳಲ್ಲಿ ‘ಸಂಘ’ ಅಂದರೆ ಹೆಂಗಸರಿಗೆ ಮೊದಲು ನೆನಪಾಗುವುದು ವಾರದ ಕಂತು, ಭಿಕ್ಷು ಸಂಘ ಆಮೇಲೆ. ಅದರ ಮೇಲೆ ಇನ್ನೊಂದು ಕಂತು ಹೇರಿದರೆ ಅದನ್ನು ಹೊರುವವರು ಯಾರು ಅಂತ ಯೋಚಿಸಿ.

‘ನೋ ಕಾಸ್ಟ್ ಇಎಂಐ’ ಬಗ್ಗೆಯೂ ಒಂದು ಮಾತು. ಬಡ್ಡಿಯೇ ಇಲ್ಲದ ಸಾಲ ಅನ್ನುವುದು ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಬಡ್ಡಿ ಬೆಲೆಯ ಒಳಗೆ ಸೇರಿರುತ್ತದೆ, ಅಥವಾ ರೊಕ್ಕ ಕೊಟ್ಟವನಿಗೆ ಸಿಗುವ ರಿಯಾಯಿತಿ ನಿಮಗೆ ತಪ್ಪಿರುತ್ತದೆ. ಪ್ರೋಸೆಸಿಂಗ್ ಫೀ ಬೇರೆ, ಅದರ ಮೇಲೆ 18% ಜಿಎಸ್‌ಟಿ ಬೇರೆ. ಮಗ್ಗದ ಕೆಲಸದಲ್ಲಿ ನೂಲು ಬರದ ವಾರ ಕೂಲಿಯೂ ಇಲ್ಲ. ಕಂತಿನ ತಾರೀಖು ಮಾತ್ರ ತಪ್ಪುವುದಿಲ್ಲ. ಮನರಂಜನೆಯ ವಸ್ತುವನ್ನು ಸಾಲ ಮಾಡಿ ತರಬಾರದು ಅನ್ನುವುದು ನನ್ನ ನಿಲುವು. ಸಿಗಾಲನಿಗೆ ಹೇಳಿದ ಲೆಕ್ಕದಲ್ಲಿ ಆದಾಯದ ನಾಲ್ಕರಲ್ಲಿ ಒಂದು ಪಾಲು ಅನುಭವಿಸಲು, ಎರಡು ಪಾಲು ಕಸುಬಿಗೆ, ಒಂದು ಪಾಲು ಕಷ್ಟಕಾಲಕ್ಕೆ. ಇವತ್ತಿನ ಕೂಲಿಯಲ್ಲಿ ಬಾಡಿಗೆ, ಫೀಸು, ಗ್ಯಾಸು ಕಳೆದು ಆ ಲೆಕ್ಕ ಕೂಡುವುದಿಲ್ಲ, ಗೊತ್ತು. ಆದರೂ ಅನುಭವಿಸುವ ಪಾಲು ಅಂತ ಒಂದಿದೆ, ಅದು ಇರುವ ಹಣದಿಂದ ಬರಬೇಕು ಅನ್ನುವಷ್ಟಂತೂ ಅದರಿಂದ ತಿಳಿಯುತ್ತದೆ. ಆರು ಸಾವಿರ ಕೈಯಲ್ಲಿದೆ. ಅದು ಅನುಭವದ ಪಾಲು. ಅಷ್ಟರಲ್ಲಿ ಏನಾಗುತ್ತದೆ ನೋಡೋಣ.

ವೀಣೆ ಅಂದರೆ ಎಲ್ಲರಿಗೂ ಸೋಣನ ಕಥೆ ನೆನಪಾಗುತ್ತದೆ, ತಂತಿ ಬಿಗಿಯೂ ಬೇಡ ಸಡಿಲವೂ ಬೇಡ ಅನ್ನುವುದು. ಸಂಯುತ್ತ ನಿಕಾಯದಲ್ಲಿ ಇನ್ನೊಂದು ವೀಣೆಯಿದೆ. ಎಂದೂ ವೀಣೆ ಕೇಳದ ಒಬ್ಬ ರಾಜ ಅದರ ನಾದಕ್ಕೆ ಮರುಳಾಗಿ, ಆ ನಾದವನ್ನು ತನ್ನಿ ಅನ್ನುತ್ತಾನೆ. ವೀಣೆ ತಂದು ಕೊಡುತ್ತಾರೆ. ನನಗೆ ವೀಣೆ ಬೇಡ, ನಾದ ಬೇಕು ಅನ್ನುತ್ತಾನೆ. ಬುರುಡೆ, ತೊಗಲು, ದಂಡಿಗೆ, ತಂತಿ, ನುಡಿಸುವವನ ಶ್ರಮ ಎಲ್ಲ ಕೂಡಿದರೆ ನಾದ ಅಂತ ವಿವರಿಸಿದರೂ ಕೇಳದೆ, ವೀಣೆಯನ್ನು ಸೀಳಿ ಚೂರು ಮಾಡಿ ಸುಟ್ಟು ಬೂದಿ ಮಾಡಿ ಹುಡುಕುತ್ತಾನೆ. ಕೊನೆಗೆ ವೀಣೆ ಅನ್ನುವುದೇ ಕೆಲಸಕ್ಕೆ ಬಾರದ್ದು ಅಂತ ಬೈಯುತ್ತಾನೆ. ಕಥೆಯ ಉದ್ದೇಶ ‘ನಾನು’ ಎಂಬುದು ಐದು ಖಂಧಗಳಲ್ಲಿ ಎಲ್ಲೂ ಸಿಗುವುದಿಲ್ಲ ಅನ್ನುವುದು. ಆದರೆ ಸ್ಪೀಕರಿಗೂ ಇದು ಅಕ್ಷರಶಃ ಅನ್ವಯಿಸುತ್ತದೆ. ಸದ್ದು ಪೆಟ್ಟಿಗೆಯಲ್ಲಿ ಇಲ್ಲ. ಪೆಟ್ಟಿಗೆ, ವೈರು, ಗೋಡೆ, ನೆಲ, ಕೂರುವ ಜಾಗ, ಕಿವಿ ಇಷ್ಟೂ ಕೂಡಿ ಹುಟ್ಟುತ್ತದೆ.

ನಮ್ಮ ಆರ್‌ಸಿಸಿ ಮನೆಗಳಲ್ಲಿ ನೆಲ ಟೈಲ್ಸು, ಗೋಡೆ ಬೋಳು. ಸದ್ದು ಚೆಂಡಿನಂತೆ ಪುಟಿಯುತ್ತದೆ, ಮಾತು ಕಲಸುತ್ತದೆ. ಒಂದು ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ, ಎದುರು ಗೋಡೆಗೆ ಪುಸ್ತಕದ ರ‍್ಯಾಕ್ ಇಟ್ಟು ನೋಡಿ. ಸಬ್‌ವೂಫರನ್ನು ಸಾಮಾನ್ಯವಾಗಿ ಮೂಲೆಗೆ ತಳ್ಳಿರುತ್ತೇವೆ. ಮೂಲೆಯಲ್ಲಿ ಬೇಸ್ ಉಬ್ಬುತ್ತದೆ, ಗುಂಯ್ ಅನ್ನುವುದಕ್ಕೆ ಅದೇ ದೊಡ್ಡ ಕಾರಣ. ಅದನ್ನು ನೀವು ಕೂರುವ ಜಾಗದಲ್ಲಿ ಇಟ್ಟು ಹಾಡು ಹಾಕಿ, ಕೋಣೆಯ ನೆಲದಲ್ಲಿ ಅಲ್ಲಲ್ಲಿ ಬಗ್ಗಿ ಕೇಳುತ್ತಾ ಹೋಗಿ. ಎಲ್ಲಿ ಬೇಸ್ ಸಮನಾಗಿ ಕೇಳುತ್ತದೋ ಅಲ್ಲಿಗೆ ಅದನ್ನು ಸರಿಸಿ. ಮನೆಯವರು ನಗುತ್ತಾರೆ, ನಗಲಿ. ಮುಂದಿನ ಸ್ಪೀಕರುಗಳನ್ನು ಕಿವಿಯ ಎತ್ತರಕ್ಕೆ ತನ್ನಿ. ಹಿಂಬದಿಯ ಕೆಂಪು ಕಪ್ಪು ವೈರುಗಳಲ್ಲಿ ಒಂದು ಕಡೆ ಅದಲು ಬದಲಾಗಿದ್ದರೆ ಒಂದು ಸ್ಪೀಕರಿನ ಸದ್ದನ್ನು ಇನ್ನೊಂದು ತಿನ್ನುತ್ತದೆ, ಅದನ್ನೂ ನೋಡಿ. ಇಷ್ಟಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಪರದೆ ಬಿಟ್ಟರೆ.

ಆಮೇಲೆ ವೈರಿಂಗ್. 5.1ರಲ್ಲಿ ಪಾತ್ರಗಳ ಮಾತು ಹೆಚ್ಚಾಗಿ ಬರುವುದು ನಡುವಿನ ಸೆಂಟರ್ ಸ್ಪೀಕರಿನಿಂದ. ಟಿವಿಯಿಂದ ಕೆಂಪು-ಬಿಳಿ ಪಿನ್ನಿನ ವೈರಿನಲ್ಲಿ ಕೊಟ್ಟಿದ್ದರೆ ಹೋಗುವುದು ಎರಡೇ ಚಾನೆಲ್, ಉಳಿದ ಸ್ಪೀಕರುಗಳಲ್ಲಿ ಕೇಳುವುದು ಅದನ್ನೇ ಹಂಚಿಕೊಂಡ ಸದ್ದು. ಸೆಟ್ಟಿನಲ್ಲಿ ಎಚ್‌ಡಿಎಂಐ ಎಆರ್‌ಸಿ ಅಥವಾ ಆಪ್ಟಿಕಲ್ ಇದ್ದರೆ ಅದರಲ್ಲಿ ಕೊಡಿ. ಇಲ್ಲದ ಹಳೆಯ ಆರು ಪಿನ್ನಿನ ಸೆಟ್ಟಿಗೆ ಸಣ್ಣ ಡಿಕೋಡರ್ ಪೆಟ್ಟಿಗೆ ಸಿಗುತ್ತದೆ. ಸಬ್‌ವೂಫರ್ ಕೋನಿನ ಅಂಚಿನ ಸ್ಪಂಜು ವರ್ಷಗಳಾದ ಮೇಲೆ ಪುಡಿಯಾಗುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯ ಕಡೆ, ಈಗಲೂ ಕೆಲವು ರಿಪೇರಿ ಅಂಗಡಿಗಳಲ್ಲಿ, ಆ ಅಂಚನ್ನಷ್ಟೇ ಬದಲಾಯಿಸಿ ಕೊಡುತ್ತಾರೆ. ಹೊಸದು ಕೊಳ್ಳಲೇಬೇಕೆಂದರೆ ಆರು ಕಳಪೆ ಪೆಟ್ಟಿಗೆಗಿಂತ ಎರಡು ಒಳ್ಳೆಯವು ಮೇಲು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ ಪಿಎಂಪಿಒ ವ್ಯಾಟ್ ನಂಬಬೇಡಿ, ಆರ್‌ಎಂಎಸ್ ಎಷ್ಟು ಅಂತ ಕೇಳಿ. ಇನ್ನೊಂದು ಸಂಗತಿ: ವ್ಯಾಟ್ ಎರಡರಷ್ಟಾದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ನೂರಕ್ಕೆ ಬದಲು ಇನ್ನೂರು ವ್ಯಾಟ್ ಅಂತ ದುಡ್ಡು ಸುರಿದವರಿಗೆ ಅಂಗಡಿಯವರು ಇದನ್ನು ಹೇಳುವುದಿಲ್ಲ.

ಕಿವಿಯ ವಿಚಾರ ಬಂದರೆ ನನಗೆ ಸ್ವಲ್ಪ ಆತಂಕವೂ ಇದೆ. ಮಗ್ಗದ ಶೆಡ್ಡಿನಲ್ಲಿ ಲಾಳಿಯ ಹೊಡೆತದ ನಡುವೆ ದಿನವಿಡೀ ನಿಲ್ಲುವವರು ಒಬ್ಬರೊಡನೊಬ್ಬರು ಕೂಗಿಯೇ ಮಾತಾಡುತ್ತಾರೆ. ಇಂಥ ಗದ್ದಲದಿಂದ ಕಿವಿ ಮೊದಲು ಮಂದವಾಗುವುದು 4,000 ಹರ್ಟ್ಸಿನ ಆಸುಪಾಸಿನಲ್ಲಿ. ನಮ್ಮ ಮಾತಿನಲ್ಲಿ ಜೋರು ಇರುವುದು ಸ್ವರಗಳಲ್ಲಿ. ಅ, ಆ, ಓ ಕೆಳಗಿನ ಸದ್ದುಗಳು. ಅರ್ಥ ಇರುವುದು ಹೆಚ್ಚಾಗಿ ವ್ಯಂಜನಗಳಲ್ಲಿ. ಸ, ಶ, ಚ, ತ ಇವು ಮೇಲಿನ ಸದ್ದುಗಳು. ಅವು ಮೊದಲು ಮಸುಕಾಗುತ್ತವೆ. ಆಗ ‘ಸದ್ದು ಕೇಳುತ್ತೆ, ಮಾತು ತಿಳಿಯಲ್ಲ’ ಅನ್ನಿಸುತ್ತದೆ, ವಾಲ್ಯೂಮ್ ಏರಿಸುತ್ತೇವೆ, ಬೇಸ್ ಏರಿ ಮಾತು ಇನ್ನೂ ಮುಚ್ಚಿಹೋಗುತ್ತದೆ. ಭಾನುವಾರ ಕೇಳಿದ ದೂರೂ ಇದೇ ಮಾತಿನಲ್ಲಿತ್ತು. ಸ್ಪೀಕರಿನದೇ ದೋಷ ಇರಬಹುದು, ಮೂಲೆಯದೂ ಇರಬಹುದು. ಆದರೆ ಹೊಸ ಸೆಟ್ಟಿಗೆ ಮೊದಲು ಸರ್ಕಾರಿ ಆಸ್ಪತ್ರೆಯ ಕಿವಿ-ಮೂಗು-ಗಂಟಲಿನ ವಿಭಾಗದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಶೆಡ್ಡಿಗೆ ಹೋಗುವವರೆಲ್ಲ ಫೋಮಿನ ಇಯರ್ ಪ್ಲಗ್ ಇಟ್ಟುಕೊಳ್ಳಿ. ಆರು ಸಾವಿರದಲ್ಲಿ ಮೊದಲ ಖರ್ಚು ಅದಕ್ಕೇ ಆಗಲಿ. ಕಸುಬಿಗೆ ಎರಡು ಪಾಲು ಅಂದದ್ದರಲ್ಲಿ ಕಸುಬು ಮಾಡುವ ಕಿವಿಯೂ ಸೇರುತ್ತದೆ.

ಕೋಲಿಯರ ದೀಘಜಾಣು ಬಂದು, ನಾವು ಹೆಂಡತಿ ಮಕ್ಕಳೊಂದಿಗಿರುವವರು, ಗಂಧ ಹೂವು ಮುಡಿಯುವವರು, ಹಣ ಮುಟ್ಟುವವರು, ನಮಗೆ ತಕ್ಕದ್ದು ಹೇಳಿ ಅಂತ ಕೇಳಿದಾಗ ಭಗವಾನರು ಅವನನ್ನು ಗದರಲಿಲ್ಲ. ತಕ್ಕಡಿ ಹಿಡಿದವನ ಉಪಮೆ ಕೊಟ್ಟರು. ಕಡಿಮೆ ಆದಾಯದಲ್ಲಿ ದರ್ಬಾರು ಮಾಡುವವನನ್ನು ಅತ್ತಿಹಣ್ಣು ತಿನ್ನುವವನಿಗೆ ಹೋಲಿಸಿದರು: ಮರ ಅಲ್ಲಾಡಿಸಿ ರಾಶಿ ಉದುರಿಸಿ ನಾಲ್ಕು ತಿನ್ನುವವನು. ಹೆಚ್ಚು ಆದಾಯವಿದ್ದೂ ಹೊಟ್ಟೆಗೆ ಕಟ್ಟಿ ಬದುಕುವವನು ಉಪವಾಸ ಬಿದ್ದು ಸಾಯುವವನಂತೆ ಅಂತಲೂ ಹೇಳಿದರು. ಈ ಎರಡನೆಯ ಮಾತನ್ನು ನಮ್ಮ ಉಪನ್ಯಾಸಗಳಲ್ಲಿ ಯಾಕೋ ಬಿಟ್ಟುಬಿಡುತ್ತೇವೆ.

ನೆರೆಮನೆಯ ಮಾತೊಂದು ಉಳಿದಿದೆ. ಒಂದೇ ಗೋಡೆ ಹಂಚಿಕೊಂಡ ಸಾಲುಮನೆಗಳಲ್ಲಿ ಸಬ್‌ವೂಫರಿನ ಬೇಸ್ ಗೋಡೆ ದಾಟುವಷ್ಟು ಸುಲಭವಾಗಿ ಮಾತು ದಾಟುವುದಿಲ್ಲ. ನಿಮಗೆ ಸಿನಿಮಾ, ಆಚೆಯವರಿಗೆ ಬರೀ ಧಡ್ ಧಡ್. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಕಾನೂನು ಹಾಗಿರಲಿ, ಆಚೆ ಗೋಡೆಗೆ ಒರಗಿ ಎಸ್‌ಎಸ್‌ಎಲ್‌ಸಿ ಓದುವ ಹುಡುಗಿ ನಮ್ಮ ಶಾಲೆಯವಳೇ ಇರಬಹುದು. ಸಬ್‌ವೂಫರಿನ ಕೆಳಗೆ ದಪ್ಪ ರಬ್ಬರ್ ಅಥವಾ ಹಳೆಯ ಮ್ಯಾಟ್ ಮಡಿಸಿ ಹಾಕಿ, ರಾತ್ರಿ ಹತ್ತರ ಮೇಲೆ ಅದರ ಸ್ವಿಚ್ಚೇ ಆರಿಸಿ. ಏಪ್ರಿಲ್ 14ರ ಡಿಜೆ ಬಗ್ಗೆ ಏನನ್ನುತ್ತೀರಿ ಅಂತ ಈಗಲೇ ಇಬ್ಬರು ಮೆಸೇಜ್ ಮಾಡಿದ್ದಾರೆ. ಅದಕ್ಕೆ ಬೈಸಿಕೊಳ್ಳಲು ಬೇರೆ ದಿನ ಇಟ್ಟುಕೊಂಡಿದ್ದೇನೆ.

ಜೈ ಭೀಮ್.